ಭತ್ಯೆ, ಬತ್ತೆಂ, ಬಾಟಾ

ಹಿಂದೂಪುರದಿಂದ ಮಡಕಶಿರಕ್ಕೆ ಹೋಗುವ ಬಸ್ಸಿನಲ್ಲಿ, ಹುಣಸೆಹಣ್ಣಿನ ಮೂಟೆಗಳ ನಡುವೆ ಕಾಲು ಚಾಚಲೂ ಎಡೆಯಿಲ್ಲದೆ ಕುಳಿತಿದ್ದಾಗ, ಹಿಂದಿನ ಆಸನದ ಇಬ್ಬರು ಮಹನೀಯರು ತಮ್ಮ ವಾರ್ಡಿನ ಕೌನ್ಸಿಲರೊಬ್ಬರ ಗುಣದೋಷಗಳನ್ನು ವಿಚಾರಿಸುತ್ತಿದ್ದರು. ಆ ಸೀಮೆಯಲ್ಲಿ ಕನ್ನಡದಲ್ಲಿ ಹೊರಟ ಮಾತು ತೆಲುಗಿನಲ್ಲಿ ಊರು ಸೇರುವುದು ವಾಡಿಕೆಯಾದುದರಿಂದ ವಿಚಾರಣೆಯು ಉಭಯ ಭಾಷೆಗಳಲ್ಲಿಯೂ ಸಾಗಿದ್ದಿತು. “ಆ ಯಪ್ಪನಿಗೆ ಮೀಟಿಂಗ್ ಯಾಕೆ ಸ್ವಾಮಿ, ಬಾಟಾ ಬಂದರೆ ಆಯಿತು” ಎಂದರು ಒಬ್ಬರು. “ಬಾಟಾ ಇಲ್ಲದಿದ್ದರೆ ಕೈಯಿಂದ ಹಾಕಿಕೊಂಡು ತಿರುಗಬೇಕೇನು?” ಎಂದರು ಇನ್ನೊಬ್ಬರು. ಕೌನ್ಸಿಲರ ವಿಷಯದಲ್ಲಿ ಯಾರ ಪಕ್ಷ ನ್ಯಾಯವಾದುದೆಂದು ನಿರ್ಣಯಿಸುವ ಮೊದಲೇ ನನ್ನ ಮನಸ್ಸು ಆ ಶಬ್ದಕ್ಕೆ ತಗುಲಿಕೊಂಡಿತು. ಬಾಟಾ! ಬಾಡಿಗೆ ಕಾರಿನವರು ‘ಡ್ರೈವರ್ ಬಾಟಾ ಬೇರೆ’ ಎಂದು ಕರಾರು ಹಾಕುವಾಗ, ಇದೇನು ಚಾಲಕನಿಗೆ ಹೊಸ ಜೋಡು ಕೊಡಿಸಬೇಕೋ ಎಂದು ಶಂಕೆಗೆಡೆಗೊಡುವ ಈ ರೂಪವು ಈಗ ಪುರಸಭೆಯ ಮೆಟ್ಟಿಲನ್ನೂ ಹತ್ತಿಬಿಟ್ಟಿದೆ. ಭತ್ಯೆ ಎಂಬ ಸಭ್ಯವಾದ, ಬಾಯಿಗೆ ಹಿತವಾದ ಪದವೊಂದು ನಮ್ಮಲ್ಲಿ ಇದ್ದಿತೆಂಬುದನ್ನು ಸರ್ಕಾರದ ಸುತ್ತೋಲೆಗಳು ಮಾತ್ರ ನೆನಪಿಟ್ಟುಕೊಂಡಿವೆ. ಅವನ್ನು ಓದುವ ಗುಮಾಸ್ತರು ಸಹ ‘ಟಿ.ಎ. ಕ್ಲೇಮ್ ಮಾಡಿದೆ’ ಎನ್ನುತ್ತಾರೆಯೇ ಹೊರತು ‘ಭತ್ಯೆ ಪಡೆದೆ’ ಎನ್ನುವುದಿಲ್ಲ.

ಭೃತಿ, ಭೃತ್ಯ ಎಂಬ ರಾಜಮಾರ್ಗವಾಗಿ ಈ ಪದದ ಮೂಲಕ್ಕೆ ಹೋಗುವವರು ಹೋಗಲಿ. ನನಗೆ ಆ ದಾರಿಯಲ್ಲಿ ಆಸಕ್ತಿಯಿಲ್ಲ. ಭತ್ಯೆಯ ಹೊಟ್ಟೆಯೊಳಗೆ ಇರುವುದು ನಮ್ಮ ಗದ್ದೆಯ ಭತ್ತವೇ ಎಂಬುದು ನನ್ನ ಬಹುಕಾಲದ ಹಟ. 1886ರಲ್ಲಿ ಪ್ರಕಟವಾದ ಹಾಬ್ಸನ್-ಜಾಬ್ಸನ್ ಎಂಬ ವಿಲಕ್ಷಣ ನಾಮಧೇಯದ ಕೋಶದಲ್ಲಿ ಯೂಲ್ ಮತ್ತು ಬರ್ನೆಲ್ ಎಂಬ ಪಂಡಿತದ್ವಯರು, ಈಸ್ಟ್ ಇಂಡಿಯಾ ಕಂಪನಿಯ ಸೈನಿಕರಿಗೆ ಸಂಬಳದ ಮೇಲೆ ಸಲ್ಲುತ್ತಿದ್ದ ‘ಬಟ್ಟಾ’ ಎಂಬ ಹಣದ ಮೂಲವನ್ನು ಅರಸುತ್ತ, ಪೋರ್ತುಗೀಸರ ಮುಖಾಂತರವಾಗಿ ಕನ್ನಡದ ಭತ್ತದ ಕಡೆಗೆ ಬೆರಳು ಮಾಡಿರುವುದು ನನ್ನ ಹಟಕ್ಕೆ ದೊರೆತ ಬೆಂಬಲ. ಊರು ಬಿಟ್ಟು ನಡೆದವನಿಗೆ ಆ ದಿನದ ಅನ್ನಕ್ಕೆ ಬೇಕಾದ ಧಾನ್ಯ: ಇಷ್ಟೇ ಅದರ ಅರ್ಥ, ಇಷ್ಟೇ ಅದರ ಧರ್ಮ. ತೆಲುಗಿನ ‘ಬತ್ತೆಂ’ ಈ ಅರ್ಥವನ್ನು ಇನ್ನೂ ನಿಷ್ಠೆಯಿಂದ ಹೊತ್ತಿದೆ. ಮದರಾಸು ಆಧಿಪತ್ಯಕ್ಕೆ ಸೇರಿದ್ದ ಸೀಮೆಗಳ ಕಚೇರಿಗಳಲ್ಲಿ ಸಾಕ್ಷಿಗಾರನಿಗೆ ಕಟ್ಟುವ ಹಣಕ್ಕೆ ಬತ್ತವೆಂದೇ ಹೆಸರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಭಕ್ತವೇತನ’ ಎಂದು ಊಟವನ್ನೂ ಸಂಬಳವನ್ನೂ ಒಂದೇ ಸಮಾಸದಲ್ಲಿ ಕೂಡಿಸಿದ್ದಾರೆ. ಅನ್ನವೆಂಬ ಅರ್ಥದ ಆ ಭಕ್ತವೇ ಭತ್ತವಾಯಿತೆಂದು ಬಲ್ಲವರು ಹೇಳುವುದರಿಂದ, 1909ರಲ್ಲಿ ಮೈಸೂರಿನ ಶಾಮಶಾಸ್ತ್ರಿಗಳು ಆ ಗ್ರಂಥವನ್ನು ಅಚ್ಚು ಹಾಕಿಸಿದಾಗ ನನ್ನ ವಾದಕ್ಕೂ ಒಂದು ಉಪಕಾರವಾಯಿತು.

ಧಾನ್ಯವು ದುಡ್ಡಾದಂದಿನಿಂದ ಜಗಳ ಮೊದಲಾಯಿತು. ಪ್ಲಾಸಿಯ ಯುದ್ಧದ ತರುವಾಯ ಬಂಗಾಳದ ನವಾಬನ ಕೃಪೆಯಿಂದ ಇಮ್ಮಡಿ ಬಟ್ಟಾ ಉಂಡು ರೂಢಿಯಾಗಿದ್ದ ಕಂಪನಿಯ ಬಿಳಿಯ ಅಧಿಕಾರಿಗಳು, 1766ರಲ್ಲಿ ಗವರ್ನರ್ ಕ್ಲೈವನು ಅದನ್ನು ನಿಲ್ಲಿಸಿದಾಗ ಒಟ್ಟಾಗಿ ರಾಜೀನಾಮೆ ಕೊಡಲು ಒಳಸಂಚು ಮಾಡಿದರು. 1828ರಲ್ಲಿ ಗವರ್ನರ್ ಜನರಲ್ ಬೆಂಟಿಂಕನು ಕೆಲವು ಠಾಣೆಗಳಲ್ಲಿ ಪೂರ್ಣ ಬಟ್ಟಾವನ್ನು ಅರ್ಧಕ್ಕಿಳಿಸಿ ಬಹುಕಾಲದ ದ್ವೇಷಕ್ಕೆ ಪಾತ್ರನಾದನು. 1844ರಲ್ಲಿ ಸಿಂಧಕ್ಕೆ ಹೋಗಬೇಕಾದ ಸಿಪಾಯಿಗಳ ಪಲ್ಟನ್ನುಗಳು ಬಟ್ಟಾ ಇಲ್ಲದೆ ಹೆಜ್ಜೆಯಿಡೆವೆಂದು ನಿಂತವು. ಬಸ್ಸಿನ ಮಹನೀಯರ ವಿವಾದವು ಆದಕಾರಣ ಹೊಸದಲ್ಲ, ಹಿಂದೂಪುರಕ್ಕೆ ವಿಶೇಷವಾದುದೂ ಅಲ್ಲ.

ಆದರೆ ಹಿಂದೂಪುರ ಕಲ್ಯಾಣದುರ್ಗಗಳ ಸೀಮೆಗೆ ಈ ವಿಷಯದಲ್ಲಿ ಮಾತನಾಡಲು ವಿಶೇಷ ಅಧಿಕಾರವೊಂದು ಉಂಟು. ಅದು ಒಂದು ಗಾದೆಯಿಂದ ಬಂದುದು. ‘ಉಂಡ ಮನೆಯ ಜಂತೆ ಎಣಿಸಬಾರದು’ ಎಂದು ಕನ್ನಡದವರು, ‘ತಿನ್ನ ಇಂಟಿ ವಾಸಾಲು ಲೆಕ್ಕಪೆಟ್ಟಡಂ’ ಎಂದು ತೆಲುಗಿನವರು. ಅಗಳಿ, ರೊಳ್ಳ, ಅಮರಾಪುರಗಳ ಕಡೆ ಎರಡನ್ನೂ ಒಂದೇ ಉಸಿರಿನಲ್ಲಿ ಅನ್ನಬಲ್ಲವರು ಇದ್ದಾರೆ. ಉಪಕಾರ ಮಾಡಿದವರಿಗೆ ದ್ರೋಹ ಬಗೆಯಬಾರದೆಂಬ ಅದರ ತಾತ್ಪರ್ಯ ಸರ್ವವಿದಿತ. ನಾನು ಕೇಳುವುದು ಬೇರೆ: ದ್ರೋಹಕ್ಕೆ ನೂರು ಬಗೆಗಳಿರುವಾಗ, ಉಂಡವನು ಕಳ್ಳತನ ಮಾಡಲಿಲ್ಲ, ಚಾಡಿ ಹೇಳಲಿಲ್ಲ, ಮಲಗಿಕೊಂಡು ಮಾಳಿಗೆಯನ್ನು ನೋಡುತ್ತ ಜಂತೆ ಎಣಿಸಿದನು, ಎಣಿಸಿದ ಮಾತ್ರಕ್ಕೆ ಮನೆಯವರಿಗೇನು ನಷ್ಟ? ಈ ಪ್ರಶ್ನೆಗೆ ಉತ್ತರವು ಆ ಸೀಮೆಯ ಮಣ್ಣಿನ ಮಾಳಿಗೆಯ ಮನೆಯೊಳಗೆ ಅಂಗಾತ ಮಲಗಿದವನಿಗೆ ಮಾತ್ರ ಹೊಳೆಯುವಂಥದು. ಕಂಬದಿಂದ ಕಂಬಕ್ಕೆ ತೊಲೆ, ತೊಲೆಯ ಮೇಲೆ ಅಡ್ಡಡ್ಡವಾಗಿ ಜಂತೆ, ಜಂತೆಯ ಮೇಲೆ ಸೀಳಿದ ಕಟ್ಟಿಗೆ, ಅದರ ಮೇಲೆ ಮಣ್ಣು. ಮನೆಯ ದೊಡ್ಡಸ್ತಿಕೆಯನ್ನು ಹೇಳುವುದು ಅಡಿಗಳಲ್ಲಲ್ಲ, ಕಂಬಗಳ ನಡುವಣ ಅಂಕಣಗಳಲ್ಲಿ. ತೊಲೆ ಜಂತೆಗಳ ಲೆಕ್ಕ ಕೈಗೆ ಸಿಕ್ಕಿದರೆ ಅಂಕಣದ ಲೆಕ್ಕ ಸಿಕ್ಕಿದಂತೆ. ಅಂಕಣದ ಲೆಕ್ಕ ಸಿಕ್ಕಿದರೆ ತೆರಿಗೆಯ ಲೆಕ್ಕ ತಾನಾಗಿ ಬರುವುದು. ವಿಜಯನಗರದ ಶಾಸನಗಳಲ್ಲಿ ಮನೆವಣವೆಂಬ ತೆರಿಗೆ ಕಾಣುತ್ತದೆ. ಕಂಪನಿಯ ಕಾಲದ ಮೊಹತರ್ಫವು ಮನೆ, ಮಗ್ಗ, ಅಂಗಡಿಗಳನ್ನು ಬಿಡಲಿಲ್ಲ. ಆದುದರಿಂದ ಗಾದೆಯ ಅತಿಥಿ ಬೀಗನಲ್ಲ, ದಾಸಯ್ಯನಲ್ಲ. ಸವಾರಿ ಬಂದ ಸರ್ಕಾರಿ ಮನುಷ್ಯ. ಹಗಲು ಗೌಡನ ಮನೆಯ ಮುದ್ದೆ, ಕೋಳಿ, ತುಪ್ಪಗಳನ್ನು ತೃಪ್ತಿಯಾಗುವಂತೆ ಉಂಡು, ಮಧ್ಯಾಹ್ನದ ನಿದ್ರೆಗೆಂದು ಒರಗಿ, ತೇಗುತ್ತ ತೇಗುತ್ತಲೇ ಆತನ ಮನೆಗೆ ಕಂದಾಯ ಕಟ್ಟಿದ ಮಹಾನುಭಾವನ ಮೇಲೆ ರೇಗಿ, ಯಾವನೋ ನೊಂದ ಗೌಡನು ಈ ಮಾತನ್ನು ಹುಟ್ಟಿಸಿದನೆಂಬುದು ನನ್ನ ಸಿದ್ಧಾಂತ. ‘ಗಳ ಹಿರಿಯಬಾರದು’ ಎಂಬ ಪಾಠಾಂತರವೂ ಉಂಟು. ಅದು ಎಣಿಸಿದ ಮೇಲೆ ಜಪ್ತಿಗೆ ಬಂದವನನ್ನು ಕುರಿತದ್ದಿರಬೇಕು. ಇದನ್ನು ಒಪ್ಪದ ಪಂಡಿತರು ಒಮ್ಮೆ ಕುಂದುರ್ಪಿಯ ಕಡೆ ಹಳೆಯ ಮಾಳಿಗೆಮನೆಯಲ್ಲಿ ಊಟ ಮಾಡಿ, ಅಂಗಾತ ಮಲಗಿ, ಆಮೇಲೆ ನನ್ನೊಡನೆ ವಾದಕ್ಕೆ ಬರಬಹುದು.

ಇದರಿಂದ ತಿಳಿಯುವುದೇನೆಂದರೆ, ಭತ್ಯೆಗೆ ಎದುರಾಳಿಯಾದ ಪದ ಮಿತವ್ಯಯವಲ್ಲ, ಬಿಟ್ಟಿ. ಅಧಿಕಾರಿಯ ಅನ್ನಕ್ಕೆ ಖಜಾನೆ ಕೊಡದಿದ್ದಲ್ಲಿ ಊರು ಕೊಡುತ್ತದೆ. ಊರಿನಲ್ಲಿಯೂ ಕೊಡಲಾರದವನೇ ಮೊದಲು ಕೊಡುತ್ತಾನೆ, ಏಕೆಂದರೆ ಕೊಡೆನೆನ್ನುವ ಧೈರ್ಯ ಅವನಿಗಿಲ್ಲ. ಸವಾರಿಯ ಕಷ್ಟವೂ ಸುಳ್ಳಲ್ಲ: 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತಮಂಡಲಕ್ಕೆ ಕಲೆಕ್ಟರನಾಗಿ ಬಂದು 1807ರವರೆಗೆ ಗುಡಾರದಿಂದ ಗುಡಾರಕ್ಕೆ ತಿರುಗಿದ ಥಾಮಸ್ ಮನ್ರೋ, ಮುಂದೆ ಮದರಾಸಿನ ಗವರ್ನರನಾದ ಮೇಲೆಯೂ ಈ ಸೀಮೆಯ ಸಂಚಾರವನ್ನು ಬಿಡಲಾರದೆ, 1827ರ ಜುಲೈ 6ರಂದು ಪತ್ತಿಕೊಂಡದ ಬಿಡಾರದಲ್ಲಿ ಕಾಲರಾದಿಂದ ತೀರಿಕೊಂಡನು. ಸಂಚಾರವೆಂದರೆ ಆಗ ಪ್ರಾಣಕ್ಕೆ ಬಂದ ವಿಷಯ. ಈಗಿನ ಸಂಚಾರದಲ್ಲಿ ಪ್ರಾಣಕ್ಕಿಂತ ರಸೀತಿಗೆ ಅಪಾಯ ಹೆಚ್ಚು.

ಸಾರ್ವಜನಿಕ ಹಣದ ಲೆಕ್ಕಕ್ಕೆ ಸ್ಮಾರಕ ಬೇಕೆನ್ನುವವರು ಹಿಂದೂಪುರದಿಂದ ಸುಮಾರು 15 ಕಿ.ಮೀ. ದೂರದ ಲೇಪಾಕ್ಷಿಗೆ ಹೋಗಬಹುದು. ಪೆನುಗೊಂಡೆಯಲ್ಲಿ ವಿಜಯನಗರದ ಅಚ್ಯುತರಾಯನ ಕಾಲದ ಅಧಿಕಾರಿಯಾಗಿದ್ದ ವಿರುಪಣ್ಣನು ರಾಜನ ಅಪ್ಪಣೆಯಿಲ್ಲದೆ ಬೊಕ್ಕಸದ ಹಣವನ್ನು ವೀರಭದ್ರನ ಗುಡಿಗೆ ಸುರಿದನೆಂದೂ, ಕಣ್ಣು ಕೀಳಿಸುವ ಆಜ್ಞೆಯಾಯಿತೆಂದು ಕೇಳಿ ತಾನೇ ಕಿತ್ತು ಗೋಡೆಗೆ ಎಸೆದನೆಂದೂ ಐತಿಹ್ಯ; ಗೋಡೆಯ ಮೇಲಿನ ಎರಡು ಕೆಂಪು ಕಲೆಗಳನ್ನು ಇಂದಿಗೂ ತೋರಿಸುತ್ತಾರೆ. ಕಲ್ಯಾಣಮಂಟಪವು ಕಂಬಗಳ ಹಂತದಲ್ಲಿಯೇ ನಿಂತಿದೆ. ಅದೇ ಗುಡಿಯ ಛಾವಣಿಯ ಚಿತ್ರದಲ್ಲಿ ವಿರುಪಣ್ಣ ವೀರಣ್ಣ ಸೋದರರು ಪರಿವಾರಸಮೇತರಾಗಿ ಕೈಮುಗಿದು ನಿಂತಿದ್ದಾರೆ. ಖರ್ಚು ಮಾಡಿದವನ ಚಿತ್ರ ಛಾವಣಿಯಲ್ಲಿ, ಲೆಕ್ಕಪರಿಶೋಧನೆಯ ವರದಿ ಗೋಡೆಯಲ್ಲಿ! ಇಷ್ಟು ಸ್ಪಷ್ಟವಾದ ಕಡತವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಇಂದಿನ ನಿಯಮಾವಳಿಯ ವಿಷಯಕ್ಕೆ ಬಂದರೆ, ಕೇಂದ್ರ ಸರ್ಕಾರವು ಹಸಿವನ್ನು ಗಡಿಯಾರದಿಂದ ಅಳೆಯುತ್ತದೆ: ಠಾಣೆ ಬಿಟ್ಟು ಆರು ಗಂಟೆಯೊಳಗಾದರೆ ದಿನಭತ್ಯೆಯಲ್ಲಿ ನೂರಕ್ಕೆ 30, ಹನ್ನೆರಡರವರೆಗೆ 70, ಆಮೇಲೆ ಪೂರ್ತಿ, ಠಾಣೆಯಿಂದ 8 ಕಿ.ಮೀ. ದಾಟದವನು ಪ್ರಯಾಣವನ್ನೇ ಮಾಡಿಲ್ಲ. ಇದನ್ನಾದರೂ ಸಹಿಸಬಹುದು. ಸಂಬಳ ಏರಿದಂತೆ ಊಟದ ದರವೂ ಏರುವುದೆಂಬ ಕ್ರಮವನ್ನು ಮಾತ್ರ ನಾನು ಎಂದೂ ಅರ್ಥಮಾಡಿಕೊಳ್ಳಲಾರೆ. ಒಂದೇ ಜೀಪಿನಲ್ಲಿ ಹೋಗಿ, ಒಂದೇ ಹೋಟೆಲಿನಲ್ಲಿ, ಒಂದೇ ಅನ್ನಸಾರು ಉಂಡ ಅಧಿಕಾರಿಗೂ ಜವಾನನಿಗೂ ಬೇರೆ ಬೇರೆ ಭತ್ಯೆ ಸಲ್ಲುವುದಾದರೆ, ಭತ್ತವು ಭತ್ಯೆಯೊಳಗಿಂದ ಹೊರಟುಹೋಗಿ ಅಂತಸ್ತು ಬಂದು ಕುಳಿತಿತೆಂದೇ ತಿಳಿಯಬೇಕು. ಬಿಸಿಲಿನಲ್ಲಿ ಮನೆಮನೆ ತಿರುಗುವ ಬಿಲ್ ಕಲೆಕ್ಟರನು 8 ಕಿ.ಮೀ. ಒಳಗಿನವನಾದ್ದರಿಂದ ಆತನ ಪಾದಗಳಿಗೆ ಕಿಮ್ಮತ್ತಿಲ್ಲ.

ಚುನಾಯಿತರ ಸ್ಥಿತಿಯೂ ಬಸ್ಸಿನ ಮಹನೀಯರು ತಿಳಿದಷ್ಟು ಸುಖದ್ದಲ್ಲ. 1920ರಷ್ಟು ಹಿಂದೆಯೇ ಪುರಸಭೆಯಾದ ಹಿಂದೂಪುರವು ಶತಮಾನ ಕಾಲ ಜಿಲ್ಲಾಕೇಂದ್ರವಾದ ಅನಂತಪುರದ ಕಡೆಗೆ ಮುಖಮಾಡಿ ನೂರು ಕಿ.ಮೀ.ಗೂ ಮಿಕ್ಕ ದಾರಿಯನ್ನು ಸವೆಸಿತು. 2022ರ ಏಪ್ರಿಲ್ 4ರಂದು ಜಿಲ್ಲೆ ಒಡೆದು, ಹೊಸ ಜಿಲ್ಲೆಯ ಕೇಂದ್ರ ತನಗೆ ಬೇಕೆಂದು ಅದು ಕೂಗಿದರೂ ಪುಟ್ಟಪರ್ತಿಗೆ ಹೋಯಿತು. ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. 2021ರಲ್ಲಿ ಆಯ್ಕೆಯಾದ ಜಿಲ್ಲಾ ಪರಿಷತ್ತನ್ನು ಒಡೆಯಲಿಲ್ಲವಾದ್ದರಿಂದ ಹಿಂದೂಪುರದ ಕಡೆಯ ಸದಸ್ಯನು ಕಲೆಕ್ಟರರನ್ನು ಕಾಣಲು ಪುಟ್ಟಪರ್ತಿಗೂ, ಪರಿಷತ್ತಿನ ಸಭೆಗೆ ಅನಂತಪುರಕ್ಕೂ ಹೋಗಬೇಕಾಯಿತು. ಇಂಥವನಿಗೆ ಸಾಲದಷ್ಟು ಕೊಟ್ಟು ಪ್ರಾಮಾಣಿಕನಾಗಿರೆಂದು ಹೇಳುವ ಸಮಾಜವು, ದಾರಿಯಲ್ಲಿ ಆತನಿಗೆ ಊಟ ಹಾಕಿಸುವ ಕಂಟ್ರಾಕ್ಟರನನ್ನು ತಾನೇ ನೇಮಿಸಿದಂತೆ. ಬಸ್ಸಿನಲ್ಲಿ ಹೋಗಿ ಕಾರಿನ ಬಿಲ್ಲು ಬರೆಯುವವನಿಗೆ ಇದು ಸಮರ್ಥನೆಯಲ್ಲ. ಅವನಿಗೆ ಲೇಪಾಕ್ಷಿಯ ಗೋಡೆ ಇದ್ದೇ ಇದೆ.

ಪ್ರಯಾಣಭತ್ಯೆಯ ನಮೂನೆಯಲ್ಲಿ ಹೊರಟ ಸ್ಥಳ, ಹೊರಟ ವೇಳೆ, ಸೇರಿದ ಸ್ಥಳ, ಸೇರಿದ ವೇಳೆ, ದೂರ, ದರ, ಪ್ರಯಾಣದ ಉದ್ದೇಶ ಎಂದು ಮನೆಗಳನ್ನು ಗೆರೆಯೆಳೆದು ಬಿಟ್ಟಿರುತ್ತಾರೆ. ಉದ್ದೇಶದ ಮನೆ ಅವೆಲ್ಲಕ್ಕಿಂತ ಕಿರಿದು. ಅದರಲ್ಲಿ ‘ಸಭೆ’ ಎಂಬೆರಡು ಅಕ್ಷರ ಬರೆದರೆ ತುಂಬುವುದು. ಅದನ್ನು ಸ್ವಲ್ಪ ಅಗಲ ಮಾಡಿ, ಪಕ್ಕದಲ್ಲಿ ‘ಮಧ್ಯಾಹ್ನದ ಊಟ ಯಾರ ಮನೆಯಲ್ಲಿ’ ಎಂಬ ಇನ್ನೊಂದು ಮನೆಯನ್ನು ಎಳೆಯಿಸಬೇಕೆಂದು ಖಜಾನೆಯವರಲ್ಲಿ ನನ್ನ ಅರಿಕೆ. ಅಚ್ಚು ಹಾಕಿಸುವಾಗ ತಲೆಬರಹದಲ್ಲಿ ಬಾಟಾ ಎಂದು ಹಾಕದಿದ್ದರೆ ಇನ್ನೂ ಉಪಕಾರ.