ಮೋಟಾರು ಕಾರುಗಳಲ್ಲಿನ ವಿದ್ಯುನ್ಮಾನ ಘಟಕಗಳ ನಡುವಣ ಸಂವಹನ ದೋಷ ಮತ್ತು ಅದನ್ನು ಪತ್ತೆ ಹಚ್ಚುವ ಕ್ರಮ

ಅರ್ಹತಾ ಪತ್ರದ ನವೀಕರಣಕ್ಕಾಗಿ ಅಥವಾ 15 ವರ್ಷ ಪೂರೈಸಿದ ಕಾರಿನ ನೋಂದಣಿ ನವೀಕರಣಕ್ಕಾಗಿ ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮುನ್ನ ಮಾಲೀಕರು ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪಗಳನ್ನು ಗಮನಿಸುವುದು ಸೂಕ್ತ. ಇಂಜಿನ್, ಎ.ಬಿ.ಎಸ್., ಏರ್‌ಬ್ಯಾಗ್ ಮತ್ತು ಪವರ್ ಸ್ಟೀರಿಂಗ್ ದೀಪಗಳು ಏಕಕಾಲಕ್ಕೆ ಉರಿಯತೊಡಗಿದಲ್ಲಿ, ನಾಲ್ಕೂ ವ್ಯವಸ್ಥೆಗಳು ಒಂದೇ ದಿನ ಕೆಟ್ಟಿವೆಯೆಂದು ಭಾವಿಸಬೇಕಾಗಿಲ್ಲ. ಇಂತಹ ಸಂದರ್ಭದಲ್ಲಿ ಮೊದಲು ಸಂಶಯಿಸಬೇಕಾದುದು ಬ್ಯಾಟರಿಯನ್ನು ಮತ್ತು ಘಟಕಗಳು ಪರಸ್ಪರ ಮಾಹಿತಿ ವಿನಿಮಯ ಮಾಡಿಕೊಳ್ಳುವ ತಂತಿಜಾಲವನ್ನು. ಇದನ್ನು ಪರಿಶೀಲಿಸದೆ ದುಬಾರಿ ಘಟಕವೊಂದನ್ನು ಬದಲಾಯಿಸಿದರೆ ಹಣವೂ ವ್ಯಯವಾಗುತ್ತದೆ, ದೀಪವೂ ಆರುವುದಿಲ್ಲ.

ವ್ಯವಸ್ಥೆಯ ಸ್ವರೂಪ:

ಜರ್ಮನಿಯ ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ ‘ಕ್ಯಾನ್’ ಎಂಬ ಸಂವಹನ ಪದ್ಧತಿಯು ಇಂದಿನ ಬಹುತೇಕ ಕಾರುಗಳಲ್ಲಿ ಬಳಕೆಯಲ್ಲಿದೆ. ಒಂದಕ್ಕೊಂದು ಹೊಸೆದ ಎರಡು ತಂತಿಗಳ ಮೂಲಕ ಎಲ್ಲ ಘಟಕಗಳೂ ಸಂದೇಶ ಕಳುಹಿಸುತ್ತವೆ ಮತ್ತು ಸ್ವೀಕರಿಸುತ್ತವೆ. ಉದಾಹರಣೆಗೆ, ಅನೇಕ ಕಾರುಗಳಲ್ಲಿ ಚಕ್ರದ ವೇಗವನ್ನು ಅಳೆಯುವುದು ಎ.ಬಿ.ಎಸ್. ಘಟಕ, ಸ್ಪೀಡೋಮೀಟರ್ ಮತ್ತು ಸ್ಟೀರಿಂಗ್ ಘಟಕಗಳು ಆ ಮಾಹಿತಿಯನ್ನು ಅದರಿಂದಲೇ ಪಡೆಯುತ್ತವೆ. ಆದ್ದರಿಂದ ಒಂದು ಘಟಕ ಮೌನವಾದರೆ ಹಲವು ದೀಪಗಳು ಉರಿಯುತ್ತವೆ. ಇದನ್ನು ಲಘುವಾಗಿ ಪರಿಗಣಿಸಬಾರದು. ಎ.ಬಿ.ಎಸ್. ದೀಪ ಮಾತ್ರ ಉರಿಯುತ್ತಿದ್ದಾಗ ಸಾಮಾನ್ಯ ಬ್ರೇಕ್ ಕೆಲಸ ಮಾಡುವುದಾದರೂ ಒದ್ದೆ ರಸ್ತೆಯಲ್ಲಿ ಚಕ್ರಗಳು ಬಿಗಿದು ಜಾರುವ ಅಪಾಯವಿದೆ. ಏರ್‌ಬ್ಯಾಗ್ ದೀಪ ಉರಿಯುತ್ತಿದ್ದರೆ ಅಪಘಾತದ ವೇಳೆ ಏರ್‌ಬ್ಯಾಗ್ ತೆರೆಯದೇ ಇರಬಹುದು.

ಪ್ರಾಥಮಿಕ ಪರಿಶೀಲನೆ:

ಮೊದಲಿಗೆ ಬ್ಯಾಟರಿ. ಇಂಜಿನ್ ನಿಂತಿರುವಾಗ ಸುಸ್ಥಿತಿಯ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್, ಇಂಜಿನ್ ಚಾಲನೆಯಲ್ಲಿರುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ಇರತಕ್ಕದ್ದು. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ ತೀರಾ ಕುಸಿದರೆ ಘಟಕಗಳು ಕ್ಷಣಕಾಲ ಸ್ಥಗಿತಗೊಂಡು, ಇಲ್ಲದ ದೋಷವನ್ನೂ ದಾಖಲಿಸುತ್ತವೆ. ಬ್ಯಾಟರಿ ಟರ್ಮಿನಲ್‌ಗಳ ಸಡಿಲತೆ, ಫ್ಯೂಸುಗಳು ಹಾಗೂ ಬಾಡಿಗೆ ಜೋಡಿಸಿದ ಅರ್ಥ್ ತಂತಿಯ ತುಕ್ಕು, ಇವಿಷ್ಟನ್ನು ಮಾಲೀಕರೇ ನೋಡಬಹುದು. ಈ ಹಂತದಲ್ಲಿಯೇ ದೋಷ ದೊರಕುವ ಸಂದರ್ಭಗಳು ಕಡಿಮೆಯೇನಲ್ಲ.

ಅನಂತರ ಸ್ಕ್ಯಾನರ್ ಮೂಲಕ ಇಂಜಿನ್ ಮಾತ್ರವಲ್ಲದೆ ಎಲ್ಲ ಘಟಕಗಳ ಸಂಕೇತಗಳನ್ನೂ ಓದಿಸತಕ್ಕದ್ದು. ‘ಯು’ ಅಕ್ಷರದಿಂದ ಆರಂಭವಾಗುವ ಸಂಕೇತಗಳು ಸಂವಹನಕ್ಕೆ ಸಂಬಂಧಿಸಿದವು. ಯು0100 ಎಂದರೆ ಇಂಜಿನ್ ನಿಯಂತ್ರಣ ಘಟಕದೊಂದಿಗೆ, ಯು0121 ಎಂದರೆ ಎ.ಬಿ.ಎಸ್. ಘಟಕದೊಂದಿಗೆ ಸಂಪರ್ಕ ಕಡಿದಿದೆ ಎಂದರ್ಥ. ಇಲ್ಲಿ ಒಂದು ಅಂಶವನ್ನು ಗಮನದಲ್ಲಿಡಬೇಕು: ಸಂಕೇತವನ್ನು ದಾಖಲಿಸಿರುವುದು ಸಂದೇಶ ಸಿಗದೇ ಹೋದ ಘಟಕ, ಪರೀಕ್ಷಿಸಬೇಕಾದುದು ಉತ್ತರ ಕೊಡದ ಘಟಕ. ಮೂರು ಘಟಕಗಳು ಯು0121 ದಾಖಲಿಸಿ, ಎ.ಬಿ.ಎಸ್. ಘಟಕ ಸ್ಕ್ಯಾನರಿಗೆ ಸ್ಪಂದಿಸದಿದ್ದಲ್ಲಿ ಅದರ ಫ್ಯೂಸ್, ಅರ್ಥ್ ಮತ್ತು ಕನೆಕ್ಟರ್‌ಗಳನ್ನು ಪರೀಕ್ಷಿಸಿದ ನಂತರವೇ ಘಟಕದ ಮೇಲೆ ದೋಷ ಹೊರಿಸಬಹುದು. ಯಾವ ಘಟಕವೂ ಸ್ಪಂದಿಸದಿದ್ದರೆ ಸ್ಕ್ಯಾನರ್ ಪೋರ್ಟಿನ 16ನೇ ಪಿನ್ನಿಗೆ ಬ್ಯಾಟರಿ ವಿದ್ಯುತ್ ಬರುತ್ತಿದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ತಂತಿಜಾಲದ ಅಳತೆ:

ಈ ಪರೀಕ್ಷೆಯನ್ನು ಅನುಭವಿ ಮೆಕ್ಯಾನಿಕ್ ಮೂಲಕವೇ ಮಾಡಿಸುವುದು. ತಂತಿಜಾಲದ ಎರಡು ತುದಿಗಳಲ್ಲಿ ತಲಾ 120 ಓಮ್ ರೆಸಿಸ್ಟರ್ ಇರುತ್ತದೆ. ಬ್ಯಾಟರಿ ಕಳಚಿ, ಪೋರ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದಾಗ ಸುಮಾರು 60 ಓಮ್ ಬರಬೇಕು. 120 ಬಂದರೆ ಒಂದು ತುದಿ ತುಂಡಾಗಿದೆ. ಸೊನ್ನೆಯ ಸಮೀಪ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಗುಲಿವೆ. ಬ್ಯಾಟರಿ ಮರುಜೋಡಿಸಿ ಇಗ್ನಿಷನ್ ಹಾಕಿದಾಗ ಎರಡೂ ತಂತಿಗಳಲ್ಲಿ 2.5 ವೋಲ್ಟಿನ ಆಸುಪಾಸು ಇರುತ್ತದೆ, 6ನೇ ಪಿನ್ನಿನಲ್ಲಿ ತುಸು ಹೆಚ್ಚು, 14ನೇ ಪಿನ್ನಿನಲ್ಲಿ ತುಸು ಕಡಿಮೆ. ಆದರೆ ಗೇಟ್‌ವೇ ಘಟಕವಿರುವ ಕಾರುಗಳಲ್ಲಿ ಪೋರ್ಟಿನ ಅಳತೆಯು ಒಳಗಿನ ತಂತಿಜಾಲದ ಸ್ಥಿತಿಯನ್ನು ತಿಳಿಸುವುದಿಲ್ಲ. ಆಯಾ ಮಾದರಿಯ ವೈರಿಂಗ್ ನಕ್ಷೆ ಅವಶ್ಯ. ಯಾವುದೋ ಘಟಕ ಇಡೀ ಜಾಲವನ್ನೇ ಕೆಡಿಸುತ್ತಿದೆಯೆಂಬ ಸಂಶಯವಿದ್ದಲ್ಲಿ, ಒಂದೊಂದೇ ಘಟಕದ ಕನೆಕ್ಟರ್ ಬಿಡಿಸುತ್ತಾ ಬಂದರೆ ದೋಷಯುಕ್ತವಾದುದನ್ನು ಬಿಡಿಸಿದ ಕೂಡಲೇ ಉಳಿದವು ಮಾತನಾಡತೊಡಗುತ್ತವೆ.

ನಿಲ್ಲಿಸಿಟ್ಟ ಕಾರುಗಳಲ್ಲಿ ಇಲಿ ಕಡಿತ, ಮಳೆಗಾಲದಲ್ಲಿ ವಿಂಡ್‌ಶೀಲ್ಡ್ ಕೆಳಗಿನ ನೀರಿನ ದಾರಿ ಎಲೆಗಳಿಂದ ಮುಚ್ಚಿ ಒಳಗೆ ನೀರು ಸೇರುವುದು, ಹಾಗೂ ಹೊರಗೆ ಅಳವಡಿಸಿದ ಮ್ಯೂಸಿಕ್ ಸಿಸ್ಟಮ್, ಅಲಾರಂಗಳಿಗಾಗಿ ಮೂಲ ವೈರಿಂಗ್ ಸುಲಿದಿರುವುದು ಪದೇ ಪದೇ ಕಂಡುಬರುವ ಕಾರಣಗಳು. ತುಂಡಾದ ತಂತಿಯನ್ನು ಜೋಡಿಸುವಾಗ ಹೊಸೆತವನ್ನು ಮೊದಲಿನಂತೆಯೇ ಉಳಿಸತಕ್ಕದ್ದು.

ಎಚ್ಚರಿಕೆ:

ಹಳದಿ ಕನೆಕ್ಟರ್‌ಗಳು ಸಾಮಾನ್ಯವಾಗಿ ಏರ್‌ಬ್ಯಾಗಿಗೆ, ಕಿತ್ತಳೆ ಬಣ್ಣದ ಕೇಬಲ್‌ಗಳು ಹೈಬ್ರಿಡ್ ಮತ್ತು ವಿದ್ಯುತ್ ವಾಹನಗಳ ಅಧಿಕ ವೋಲ್ಟೇಜಿಗೆ ಸೇರಿದವು. ತರಬೇತಿ ಇಲ್ಲದವರು ಇವುಗಳನ್ನು ಮುಟ್ಟಬಾರದು. ಏರ್‌ಬ್ಯಾಗ್ ತಂತಿಗಳಿಗೆ ಮಲ್ಟಿಮೀಟರ್ ಹಚ್ಚಬಾರದು. ತಪಾಸಣೆಯ ಹಿಂದಿನ ದಿನ ಸಂಕೇತಗಳನ್ನು ಅಳಿಸುವುದು ಅಥವಾ ದೀಪದ ಬಲ್ಬ್ ತೆಗೆಯುವುದು ದುರಸ್ತಿಯಲ್ಲ. ಘಟಕ ಬದಲಾಯಿಸಲು ಒಪ್ಪುವ ಮೊದಲು ಸ್ಕ್ಯಾನರ್ ವರದಿಯ ಪ್ರತಿ ಹಾಗೂ ಅಳತೆಗಳನ್ನು ಲಿಖಿತವಾಗಿ ಪಡೆದು, ಬದಲಾಯಿಸಿದ ಹಳೆಯ ಘಟಕವನ್ನೂ ಕೇಳಿ ಪಡೆದುಕೊಳ್ಳಲು ಮಾಲೀಕರನ್ನು ಕೋರಲಾಗಿದೆ.