ನಂಬರಿನ ವಚನ, ಅಂಕಿತದ ವಚನ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದು ಐದನೆಯ ಇಯತ್ತೆಗೆ ಸೇರಿದ ಮೊದಲ ವಾರ. ಮಾಸ್ತರರು "ವಚನ ಯಾರಿಗಿ ಬರ್ತಾವ?" ಎಂದು ಕೇಳಿದರು. ನಾನು ಕೈ ಎತ್ತಿದೆ. ಎದ್ದು ನಿಂತು, ಕೈಕಟ್ಟಿ, "ಯೋಹಾನ ಮೂರು, ಹದಿನಾರು" ಎಂದು ಶುರುಮಾಡಿ, ವಚನ ಹೇಳಿ ಮುಗಿಸಿ, ಮತ್ತೆ "ಯೋಹಾನ ಮೂರು, ಹದಿನಾರು" ಎಂದು ಕೂತೆ. ಇಡೀ ಕ್ಲಾಸು ನಕ್ಕಿತು. ಮಾಸ್ತರರು ನಗಲಿಲ್ಲ. "ಅದೂ ವಚನನ ಅದ. ಈಗ ಬಸವಣ್ಣೋರ್ದೊಂದು ಕಲಿ" ಎಂದರು.

ಅಂದು ನನಗಾದದ್ದು ಅವಮಾನಕ್ಕಿಂತ ಹೆಚ್ಚಾಗಿ ಗಲಿಬಿಲಿ. ನಮ್ಮ ಮನೆಯಲ್ಲಿ, ನಮ್ಮ ಓಣಿಯ ಮೆಥೊಡಿಸ್ಟ್ ಸಭೆಯಲ್ಲಿ, ವಚನ ಅಂದರೆ ಸತ್ಯವೇದದ ವಚನ. ಅಧ್ಯಾಯ ಇಷ್ಟು, ವಚನ ಇಷ್ಟು. ಬೇರೆ ಅರ್ಥ ಆ ಪದಕ್ಕಿದೆ ಎಂದು ಹತ್ತು ವರ್ಷದ ತನಕ ನನಗೆ ಗೊತ್ತಿರಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆ ಪದಕ್ಕೆ ಹೊಸ ಜೀವ ಬಂದ ಊರಿನಲ್ಲೇ ಕೂತು ನಾನು ಯೋಹಾನನನ್ನು ಒಪ್ಪಿಸಿದ್ದೆ ಎಂಬುದು ತಿಳಿದಾಗ ಇನ್ನೂ ಹತ್ತು ವರ್ಷ ಕಳೆದಿತ್ತು.

ನನಗೆ ವಚನ ಕಲಿಸಿದವಳು ಅಜ್ಜಿ, ತಾಯಿಯ ತಾಯಿ. ಅವಳಿಗೆ ಓದಲು ಬರುತ್ತಿರಲಿಲ್ಲ. ಬೆಳಿಗ್ಗೆ ಒಲೆ ಹೊತ್ತಿಸುವ ಹೊತ್ತಿಗೆ ಹಿಂದಿನ ದಿನದ ವಚನ ಒಮ್ಮೆ, ರೊಟ್ಟಿ ಬಡಿಯುವಾಗ ಅಂದಿನ ಹೊಸದು. ಹೊಸದನ್ನು ಯಾರಾದರೂ ಓದಿ ಹೇಳಬೇಕು. ಮೊದಲು ನನ್ನ ಸೋದರಮಾವ, ಆಮೇಲೆ ನಾನು. ಅವಳ ಪದ್ಧತಿ ಬಿಗಿಯಾದದ್ದು. ಮೊದಲು ನಂಬರು. ಆಮೇಲೆ ಮಾತು, ತುಂಡು ತುಂಡಾಗಿ. ಕೊನೆಗೆ ಮತ್ತೆ ನಂಬರು. ನಡುವೆ ಒಂದು ಪದ ತಪ್ಪಿದರೂ ಮೊದಲಿಂದ. "ನಂಬರ್ ಮರ್ತ್ರ ಮನಿ ದಾರಿ ಮರ್ತಂಗ" ಎನ್ನುತ್ತಿದ್ದಳು. ಅವಳ ಹತ್ತಿರ ಒಂದು ಸತ್ಯವೇದ ಇತ್ತು, ಕೆಂಪು ಬಟ್ಟೆಯಲ್ಲಿ ಸುತ್ತಿದ್ದು. ಓದಲು ಬಾರದವಳು ಪ್ರತಿ ಭಾನುವಾರ ಅದನ್ನು ಎದೆಗವಚಿಕೊಂಡು ಸಭೆಗೆ ಹೋಗುತ್ತಿದ್ದಳು. ಯಾಕೆ ಎಂದು ಕೇಳಿದರೆ, "ನನ್ನ ವಚನ ಎಲ್ಲಾ ಇದರಾಗ ಅದಾವಲ್ಲ" ಎಂಬ ಉತ್ತರ.

ಅವಳು ದಾರಿ ಎಂದು ನಂಬಿದ್ದ ಆ ನಂಬರುಗಳು ಬೈಬಲ್ಲಿನಷ್ಟು ಹಳೆಯವಲ್ಲ. ಅಧ್ಯಾಯಗಳ ಈಗಿನ ವಿಂಗಡಣೆ ಹದಿಮೂರನೆಯ ಶತಮಾನದ ಆರಂಭದ್ದು. ಸ್ಟೀಫನ್ ಲ್ಯಾಂಗ್ಟನ್ ಎಂಬ ವಿದ್ವಾಂಸನ ಹೆಸರಿನಲ್ಲಿದೆ. ಹೊಸ ಒಡಂಬಡಿಕೆಗೆ ಇಂದು ನಾವು ಬಳಸುವ ವಚನಸಂಖ್ಯೆ ಹಾಕಿದವನು ರಾಬರ್ ಎಸ್ತಿಯೆನ್ ಎಂಬ ಫ್ರೆಂಚ್ ಮುದ್ರಕ, 1551ರಲ್ಲಿ. ಗ್ರೀಕ್ ಪಠ್ಯದ ಮುದ್ರಣಕ್ಕಾಗಿ, ವಿದ್ವಾಂಸರ ಅನುಕೂಲಕ್ಕಾಗಿ ಹಾಕಿದ ಅಂಕಿಗಳು ಅವು. ಪುಸ್ತಕದಲ್ಲಿ ಬೇಗ ಹುಡುಕಲೆಂದು ಮಾಡಿದ ಸಾಧನ ಪುಸ್ತಕವನ್ನೇ ತೆರೆಯಲಾಗದ ಹೆಂಗಸೊಬ್ಬಳಿಗೆ ನಾಲ್ಕು ಶತಮಾನದ ನಂತರ ಹುಮನಾಬಾದಿನ ಅಡುಗೆಮನೆಯಲ್ಲಿ ನೆನಪಿನ ಗೂಟವಾಗುತ್ತದೆ ಎಂದು ಅವನು ಎಣಿಸಿರಲಾರ.

ಎಸ್ತಿಯೆನ್‌ಗಿಂತ ಮುಂಚೆ ಕಂಠಪಾಠ ಇರಲಿಲ್ಲವೆಂದಲ್ಲ. ನಾಲ್ಕನೆಯ ಶತಮಾನದ ಈಜಿಪ್ಟಿನಲ್ಲಿ ಪಕೋಮಿಯಸ್ ಕಟ್ಟಿದ ಮಠಗಳ ನಿಯಮದಂತೆ, ಸೇರಲು ಬಂದವನು ಓದು ಕಲಿಯಲೇಬೇಕು. ಕನಿಷ್ಠ ಕೀರ್ತನೆಗಳನ್ನೂ ಹೊಸ ಒಡಂಬಡಿಕೆಯನ್ನೂ ಬಾಯಿಪಾಠ ಮಾಡಬೇಕು. ಚಾಪೆ ಹೆಣೆಯುತ್ತ ಮಣಮಣ ಹೇಳಿಕೊಳ್ಳುವುದೇ ಅವರ ಧ್ಯಾನ. ಅದಕ್ಕೂ ಹಿಂದೆ ಯೆಹೂದ್ಯರಲ್ಲಿ 119ನೆಯ ಕೀರ್ತನೆ: ಹೀಬ್ರೂ ವರ್ಣಮಾಲೆಯ 22 ಅಕ್ಷರ, ಒಂದೊಂದಕ್ಕೆ ಎಂಟು ವಚನ, ಒಟ್ಟು 176. ಅಕ್ಷರಮಾಲೆಯೇ ನೆನಪಿನ ಏಣಿ. ಕನ್ನಡಕ್ಕೆ ಬಂದಾಗ ಆ ಏಣಿ ಮುರಿಯಿತು, ಉಳಿದದ್ದು ನಂಬರು ಮಾತ್ರ. ಅಜ್ಜಿಗೆ ಆ ಕೀರ್ತನೆ ಪೂರ್ತಿ ಒಲಿಯಲಿಲ್ಲ. "ಎಲ್ಲಾ ಒಂದೇ ನಮೂನಿ ಅದಾವ" ಎಂದು ಬೈಯುತ್ತಿದ್ದಳು.

ನಮ್ಮ ಕಡೆಗೆ ಈ ರೂಢಿ ತಂದವರು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಶನರಿಗಳು, ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. ಮೆಥೊಡಿಸ್ಟ್ ಎಂಬ ಹೆಸರೇ ಒಂದು ಅಡ್ಡಹೆಸರು. 1729ರ ನಂತರ ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ ಮತ್ತವನ ಗೆಳೆಯರು ಹೊತ್ತುಗೊತ್ತು ಹಾಕಿಕೊಂಡು ಪ್ರಾರ್ಥನೆ, ಓದು, ಉಪವಾಸ ನಡೆಸುತ್ತಿದ್ದುದನ್ನು ಕಂಡು ಜೊತೆಯ ವಿದ್ಯಾರ್ಥಿಗಳು 'ಮೆಥಡ್' ಮಂದಿ ಎಂದು ಗೇಲಿ ಮಾಡಿದ್ದರು. ಬೆಳಗಿನ ನಾಲ್ಕಕ್ಕೆ ಏಳುತ್ತಿದ್ದ ವೆಸ್ಲಿಯ ಶಿಸ್ತು ಜೋಳದ ಹೊಲಕ್ಕೆ ಹೊರಡುವ ನಮ್ಮ ಜನಕ್ಕೆ ಹೊಸದೆನಿಸಿರಲಾರದು. ಜೊತೆಗೆ ಸಂಡೇ ಸ್ಕೂಲು ಬಂತು. 1872ರಿಂದ ಅಮೆರಿಕದಲ್ಲಿ ಎಲ್ಲ ಸಂಡೇ ಸ್ಕೂಲುಗಳಿಗೂ ಒಂದೇ ಪಾಠಪಟ್ಟಿ ಶುರುವಾಗಿ, ವಾರಕ್ಕೊಂದು 'ಬಂಗಾರದ ವಾಕ್ಯ' ಬಾಯಿಪಾಠ ಮಾಡಿಸುವುದು ಪದ್ಧತಿಯಾಯಿತು. 1876ರಲ್ಲಿ ಅಲಹಾಬಾದಿನಲ್ಲಿ ಭಾರತದ ಸಂಡೇ ಸ್ಕೂಲ್ ಯೂನಿಯನ್ ಹುಟ್ಟಿತು. ಈ ಅಮೆರಿಕನ್ ಮೆಥೊಡಿಸ್ಟರು 1947ರಲ್ಲಿ ದಕ್ಷಿಣ ಭಾರತದ ಸಭೆ ಒಗ್ಗೂಡಿದಾಗ ಅದರಲ್ಲಿ ಸೇರಲಿಲ್ಲ. ಮೈಸೂರು, ಧಾರವಾಡದ ಪ್ರೊಟೆಸ್ಟಂಟರೆಲ್ಲ ಸಿಎಸ್‌ಐ ಆದರೂ ಬೀದರಿನವರು ಇಂದಿಗೂ ಮೆಥೊಡಿಸ್ಟರೇ.

ಸಭೆ ಸೇರಿದವರಲ್ಲಿ ಹೆಚ್ಚಿನವರು ಹೊಲೆಯ, ಮಾದಿಗ ಕೇರಿಗಳವರು. ನಮ್ಮವರೂ ಹಾಗೆಯೇ. 1931ರ ಜನಗಣತಿಯ ಹೊತ್ತಿಗೂ ನಿಜಾಮರ ಸಂಸ್ಥಾನದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಹತ್ತು ಮಂದಿ ಇರಲಿಲ್ಲ. ನಮ್ಮ ಕೇರಿಯ ಹೆಂಗಸರ ಮಾತಂತೂ ಬಿಡಿ. ಹೀಗಿರುವಾಗ ಪುಸ್ತಕದ ಧರ್ಮವನ್ನು ಪುಸ್ತಕವಿಲ್ಲದೆ ಕಲಿಸಬೇಕು. ಕರ್ತನ ಪ್ರಾರ್ಥನೆ, ದಶಾಜ್ಞೆ, ವಿಶ್ವಾಸಪ್ರಮಾಣ, ಇವು ಮೂರು ಬಾಯಿಗೆ ಬರಬೇಕು. ಮೆಥೊಡಿಸ್ಟ್ ಮಿಶನರಿ ಜೆ. ವಾಸ್ಕಮ್ ಪಿಕೆಟ್ 1933ರಲ್ಲಿ ಭಾರತದ ಸಾಮೂಹಿಕ ಮತಾಂತರಗಳ ಅಧ್ಯಯನ ಪ್ರಕಟಿಸಿದಾಗ, ಹೊಸ ಕ್ರೈಸ್ತರನ್ನು ಅಳೆಯಲು ಬಳಸಿದ ಪ್ರಶ್ನೆಗಳಲ್ಲಿ ಇವೂ ಇದ್ದವು. ಅಳತೆಗೋಲಿನ ಬಗ್ಗೆ ನನಗೆ ಸಿಟ್ಟಿದೆ. ಮೂರು ಪಾಠ ಒಪ್ಪಿಸಿದರೆ ಕ್ರೈಸ್ತ, ತಡವರಿಸಿದರೆ ಅರೆ ಕ್ರೈಸ್ತ ಎಂಬ ಲೆಕ್ಕ ಅದು. ಆದರೆ ಅಜ್ಜಿಗೆ ಈ ಸಿಟ್ಟು ಇರಲಿಲ್ಲ. ಹುಮನಾಬಾದಿನಲ್ಲಿ ಯಾವ ಪುರಾಣದ ಕಟ್ಟೆಯ ಹತ್ತಿರವೂ ಕೂರಲಾಗದ ಹುಡುಗಿಗೆ ಒಬ್ಬರು ಲಾಟೀನು ಹಿಡಿದು ಬಂದು "ಇದು ನಿನ್ನದು, ಕಲಿ" ಎಂದರು. ಅವಳು ಕಲಿತಳು. ಅಷ್ಟೇ ಅವಳ ಕಥೆ.

ಅವಳು ಕಲಿತ ಕನ್ನಡವೂ ಅವಳ ಮನೆಯದಾಗಿರಲಿಲ್ಲ. ಕನ್ನಡ ಬೈಬಲ್ಲು ಹುಟ್ಟಿದ್ದು ಬಳ್ಳಾರಿಯಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದ. ವಿಲಿಯಂ ರೀವ್ ಜೊತೆಗೂಡಿದ. 1831ರ ಹೊತ್ತಿಗೆ ಇಡೀ ಬೈಬಲ್ಲು ಕನ್ನಡದಲ್ಲಿ ಅಚ್ಚಾಯಿತು. ಮುಂದೆ ಬಾಸೆಲ್ ಮಿಶನ್ನಿನವರ ತಿದ್ದುಪಡಿಗಳಾದವು. ಆ ಭಾಷೆಯಲ್ಲಿ ಬಳ್ಳಾರಿಯೂ ಧಾರವಾಡವೂ ಬೆಂಗಳೂರೂ ಇವೆ, ಬೀದರ್ ಇಲ್ಲ. ಮನೆಯಲ್ಲಿ "ಏನ್ ಮಾಡ್ಲತ್ತಿ" ಎನ್ನುವ ಅಜ್ಜಿ ವಚನಕ್ಕೆ ಬಂದೊಡನೆ "ಮಾಡುವವನಾಗಿದ್ದಾನೆ" ಎನ್ನುತ್ತಿದ್ದಳು. ಉರ್ದು ಆಡಳಿತದ, ಉರ್ದು ಶಾಲೆಯ, ಮರಾಠಿ ಸಂತೆಯ ನಡುವೆ ಅವಳ ಕಿವಿಗೆ ಬಿದ್ದ ಒಂದೇ ಗ್ರಂಥಸ್ಥ ಕನ್ನಡ ಅದು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಶುರುವಾದದ್ದೇ ಉರ್ದು ಮಾಧ್ಯಮದಲ್ಲಿ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ ಕಥೆಯನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಹೇಳುತ್ತಾರೆ, ಹೇಳಲೇಬೇಕು. ಅದೇ ಕಾಲದಲ್ಲಿ ಬೋರ್ಡೇ ಇಲ್ಲದ ಕೇರಿಗಳಲ್ಲಿ ರಾತ್ರಿ ಲಾಟೀನಿನ ಬೆಳಕಿನಲ್ಲಿ ಇನ್ನೊಂದು ಕನ್ನಡ ಬಾಯಿಂದ ಬಾಯಿಗೆ ಹೋಗುತ್ತಿತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. ಮಿಶನರಿಗಳ ಉದ್ದೇಶ ಕನ್ನಡ ಉಳಿಸುವುದಾಗಿರಲಿಲ್ಲ ಎಂಬುದು ನಿಜ. ಆದರೆ ಉಳಿದದ್ದೂ ನಿಜ.

ಈ ಎರಡೂ ವಚನಗಳನ್ನು ಒಟ್ಟಿಗೆ ಹಿಡಿದ ಒಬ್ಬರಿದ್ದರು, ರೆವರೆಂಡ್ ಚನ್ನಪ್ಪ ಉತ್ತಂಗಿ. 1881ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಪಾದ್ರಿ. ಸರ್ವಜ್ಞನ ತ್ರಿಪದಿಗಳನ್ನು ಓಲೆ, ಕೈಬರಹಗಳಿಂದಲೂ ಜನರ ಬಾಯಿಂದಲೂ ವರ್ಷಗಟ್ಟಲೆ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅದರ ಹಿಂದಿನ ವರ್ಷವಷ್ಟೇ, 1923ರಲ್ಲಿ, ಫ. ಗು. ಹಳಕಟ್ಟಿಯವರ 'ವಚನಶಾಸ್ತ್ರಸಾರ' ಬಂದಿತ್ತು. ನಿಜಾಮರ ಆಳ್ವಿಕೆ ಮುಗಿದ ಮರುವರ್ಷ, 1949ರಲ್ಲಿ, ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷರಾಗಿ ಕೂತವರು ಈ ಪಾದ್ರಿಯೇ. ವಾಕ್ಯ ಬಾಯಿಪಾಠ ಮಾಡಿಸುವ ಸಭೆಯಲ್ಲಿ ಬೆಳೆದವರಿಗೆ, ಹೊಲದಲ್ಲಿ ದುಡಿಯುವವನ ಬಾಯಲ್ಲೂ ಒಂದು ಗ್ರಂಥ ಇದ್ದೀತು ಎಂದು ನಂಬುವುದು ಸುಲಭವಾಗಿತ್ತೇನೋ. ಇದು ನನ್ನ ಊಹೆ.

ಗಿಳಿಪಾಠ ಎಂಬ ಆರೋಪ ಎರಡೂ ಕಡೆ ಇದೆ, ಹೊರಗಿನವರಿಗಿಂತ ಮೊದಲು ಒಳಗಿನವರೇ ಮಾಡಿದ್ದು. ನಡೆಯಿಲ್ಲದ ನುಡಿಯನ್ನು, ಗಿಳಿಯ ಓದನ್ನು ಶರಣರು ಚುಚ್ಚಿದ್ದಾರೆ. ತುಟಿ ಹತ್ತಿರ, ಹೃದಯ ದೂರ ಎಂದು ಪ್ರವಾದಿ ಯೆಶಾಯ ಬೈದಿದ್ದಾನೆ. ತಮಾಷೆಯೆಂದರೆ ಆ ವಚನಗಳನ್ನೂ ನಾವು ಅರ್ಥ ತಿಳಿಯುವ ಮೊದಲೇ ಬಾಯಿಪಾಠ ಮಾಡಿದ್ದೇವೆ. ಬಸವ ಜಯಂತಿಯ ಸ್ಪರ್ಧೆಯಲ್ಲಿ ನನಗೆ ಒಂದು ಸ್ಟೀಲಿನ ಲೋಟ ಬಂದಿತ್ತು. ಅಜ್ಜಿ ಆ ಲೋಟದಲ್ಲೇ ಚಹಾ ಕುಡಿಯುತ್ತಿದ್ದಳು, ಯಾವ ವಚನಕ್ಕೆ ಬಂತೆಂದು ಕೇಳಲಿಲ್ಲ.

ಬಾಯಿಪಾಠಕ್ಕೆ ನಿಜವಾದ ಅಪಾಯ ಬೇರೆ ಕಡೆಯಿಂದ ಬಂತು. ಸರಳ ಕನ್ನಡದ ಹೊಸ ಅನುವಾದಗಳು ಬಂದವು. ಅವು ಬೇಕಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಇಂದಿನ ಹುಡುಗರಿಗೆ ಹಳೆಯದು ಅರ್ಧವೂ ಆಗುವುದಿಲ್ಲ. ಒಂದು ಭಾನುವಾರ ಹೊಸದಾಗಿ ಬಂದಿದ್ದ ಎಳೆಯ ಪಾದ್ರಿ 23ನೆಯ ಕೀರ್ತನೆಯನ್ನು ಹೊಸ ಅನುವಾದದಿಂದ ಓದಿದರು. ಜೊತೆಗೆ ಬಾಯಿಬಿಟ್ಟು ಹೇಳುತ್ತಿದ್ದ ಅಜ್ಜಿ ಎರಡನೆಯ ಸಾಲಿಗೇ ನಿಂತಳು. ಅವಳೊಬ್ಬಳೇ ಅಲ್ಲ, ಮುಂದಿನ ಚಾಪೆಯ ಮುದುಕಿಯರೆಲ್ಲ ನಿಂತರು. ಆರಾಧನೆ ಮುಗಿದ ಮೇಲೆ ಹೋಗಿ, "ಮಗನ, ತಪ್ಪ್ ಓದ್ದಿ" ಎಂದಳು. ಅವರು ನಗುತ್ತ ಪುಸ್ತಕ ತೋರಿಸಿದರು. ಅವಳು ಪುಟದ ಮೇಲೆ ಕೈಯಾಡಿಸಿ, "ಹಂಗಾರ ಬುಕ್ಕೇ ತಪ್ಪ್ ಬಂದದ" ಎಂದಳು. ನಾವು ಮನೆಯಲ್ಲಿ ವರ್ಷಗಟ್ಟಲೆ ಇದನ್ನು ಹೇಳಿ ನಕ್ಕಿದ್ದೇವೆ. ಈಗ ನಗು ಬರುವುದಿಲ್ಲ. ಓದಬಲ್ಲವನಿಗೆ ಅನುವಾದ ಬದಲಾದರೆ ಪುಸ್ತಕ ಬದಲಾಗುತ್ತದೆ. ಅವಳಿಗೆ ಇದ್ದ ಒಂದೇ ಆಸ್ತಿಯ ಕಾಗದಪತ್ರ ಸುಳ್ಳು ಎಂದಂತಾಗಿತ್ತು. ಆಮೇಲೆ ಅವಳು ಸಭೆಯಲ್ಲಿ ಗಟ್ಟಿಯಾಗಿ ಹೇಳುವುದನ್ನು ಬಿಟ್ಟಳು. ತುಟಿ ಮಾತ್ರ ಅಲ್ಲಾಡುತ್ತಿತ್ತು, ಹಳೆಯದಕ್ಕೆ.

ಬಸವಕಲ್ಯಾಣದ ನನ್ನ ಗೆಳೆಯರಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಮಾತೆ ಮಹಾದೇವಿಯವರು 'ಬಸವ ವಚನ ದೀಪ್ತಿ'ಯಲ್ಲಿ ಬಸವಣ್ಣನವರ ಅಂಕಿತ ಕೂಡಲಸಂಗಮದೇವ ಎಂಬುದನ್ನು ಲಿಂಗದೇವ ಎಂದು ಬದಲಿಸಿದಾಗ ಎದ್ದ ಗದ್ದಲ ಅವರಿಗೆ ನೆನಪಿದೆ. 1998ರಲ್ಲಿ ಸರ್ಕಾರ ಪುಸ್ತಕ ನಿಷೇಧಿಸಿತು; ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ನಿಷೇಧವೇ ಉಳಿಯಿತು. ಮಾತೆಯವರ ಕಾರಣಗಳು ಅವರಿಗಿದ್ದವು, ಅವರನ್ನು ಒಪ್ಪುವವರೂ ನಮ್ಮ ಊರಲ್ಲಿದ್ದಾರೆ. ಪುಸ್ತಕ ನಿಷೇಧಿಸುವುದು ನನಗೆ ಹಿಡಿಸುವ ಕೆಲಸವಲ್ಲ. ಆದರೆ ವಚನದ ಕೊನೆಯಲ್ಲಿ ಬರಬೇಕಾದ ಹೆಸರು ಬಾರದಿದ್ದಾಗ ಗಂಟಲು ಹೇಗೆ ತಡವರಿಸುತ್ತದೆ ಎಂಬುದು ನನಗೆ ಗೊತ್ತು. ಅಂಕಿತ ಸಹಿ ಮಾತ್ರವಲ್ಲ. ಹೇಳುವವನಿಗೆ ಅದು ಇಳಿಯುವ ನಿಲ್ದಾಣ. ಅಜ್ಜಿಗೆ ನಂಬರು ಹಾಗಿತ್ತು. ಅನುವಾದಕರು ಮಾತೆಲ್ಲ ಬದಲಿಸಿದರೂ ನಂಬರು ಮುಟ್ಟಲಿಲ್ಲ ಎಂಬುದೊಂದು ಸಮಾಧಾನ.

ಕೊನೆಯ ವರ್ಷ ಅವಳು ನಮ್ಮ ಹೆಸರುಗಳನ್ನು ಮರೆತಳು. ನನ್ನನ್ನು ಸೋದರಮಾವ ಎಂದು ತಿಳಿದಳು, ಅಮ್ಮನನ್ನು ಯಾರೋ ಪಕ್ಕದ ಮನೆಯವಳೆಂದು. ನಂಬರು ಹೇಳಿದರೆ ಮಾತ್ರ ವಚನ ಬರುತ್ತಿತ್ತು, ಒಂದು ಪದವೂ ತಪ್ಪದೆ, ಕೊನೆಗೆ ಮತ್ತೆ ನಂಬರಿನ ಸಮೇತ. ನಾನು ಪರೀಕ್ಷಿಸುವವನಂತೆ ಒಂದಾದ ಮೇಲೊಂದು ನಂಬರು ಹೇಳುತ್ತಿದ್ದೆ. ಒಂದು ಸಂಜೆ ಸುಮ್ಮನೆ ತಪ್ಪು ನಂಬರು, 23ನೆಯ ಕೀರ್ತನೆಯಲ್ಲಿ ಇಲ್ಲದ ಏಳನೆಯ ವಚನ ಕೇಳಿದೆ. ಇರುವುದು ಆರೇ. ಅವಳು ಬಹಳ ಹೊತ್ತು ಮುಖ ನೋಡಿ, "ಅಲ್ಲಿ ಮನಿ ಇಲ್ಲ" ಎಂದಳು.

ಮೊನ್ನೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೋಗುವಾಗ, ರಾಜೇಶ್ವರ ದಾಟುವ ಹೊತ್ತಿಗೆ, ನನ್ನಲ್ಲಿ ಉಳಿದಿರುವುದನ್ನು ಎಣಿಸಿ ನೋಡಿದೆ. ಸತ್ಯವೇದದವು ನಲವತ್ತೊಂದು, ಎಲ್ಲ ಹಳೆಯ ಅನುವಾದದಲ್ಲಿ. ಅವುಗಳಲ್ಲಿ ಏಳಕ್ಕೆ ನಂಬರು ಬಿದ್ದುಹೋಗಿದೆ. ಮಾತು ಇದೆ, ಎಲ್ಲಿಯದೆಂದು ಗೊತ್ತಿಲ್ಲ. ಶರಣರವು ಹತ್ತೊಂಬತ್ತು. ಅವುಗಳಲ್ಲಿ ನಡುವಿನ ಸಾಲುಗಳು ಎಷ್ಟೋ ಕಳೆದಿವೆ, ಅಂಕಿತ ಒಂದೂ ಹೋಗಿಲ್ಲ.