ಮಲಪ್ರಭಾ ಸೀಮೆಯ ಕಲ್ಲುಮನೆಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಇತಿಹಾಸವೆಂದೊಡನೆ ನಮ್ಮ ನೆನಪು 1824ರ ಕಿತ್ತೂರು ಕಾಳಗಕ್ಕೆ, ಬಹಳವಾದರೆ ಸವದತ್ತಿಯ ರಟ್ಟರಿಗೆ, ಹೂಲಿಯ ಪಂಚಲಿಂಗೇಶ್ವರ ಗುಡಿಗೆ ಹೋಗಿ ನಿಲ್ಲುತ್ತದೆ. ಶಾಸನ ಮೌನವಾದಲ್ಲಿ ನಾವೂ ಮೌನವಾಗುತ್ತೇವೆ. ಅಕ್ಷರವರಿಯದ ಮನುಷ್ಯನೂ ಈ ನೆಲದಲ್ಲಿ ಬಾಳಿ ಹೋದನೆಂಬುದಕ್ಕೆ ಸಾಕ್ಷಿಗಳು ಕಡಿಮೆಯಿಲ್ಲ.

ಸವದತ್ತಿ, ರಾಮದುರ್ಗದ ಗುಡ್ಡಗಳು ಕಲಾದಗಿ ಶ್ರೇಣಿಯ ಮರಳುಗಲ್ಲಿನವು. ನದಿ ಉರುಳಿಸಿ ತಂದ ಇದೇ ಗಟ್ಟಿಗಲ್ಲಿನಿಂದ ಪೂರ್ವಶಿಲಾಯುಗದವರು ಕೈಕೊಡಲಿಗಳನ್ನು ಕಡೆದರು. ಮಲಪ್ರಭಾ ಕಣಿವೆಯ ಇಂತಹ ಆಯುಧಗಳನ್ನು ಮೊದಲು ಗುರುತಿಸಿದವನು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂಗರ್ಭವನ್ನು ಕುರಿತ ಅವನ ಗ್ರಂಥ 1876ರದು. ಅನಂತರ ಆರ್. ವಿ. ಜೋಶಿಯವರು ಈ ಕಣಿವೆಯ ನೊರಜುಗಲ್ಲಿನ ಪದರುಗಳನ್ನು ಕ್ರಮವಾಗಿ ಅಭ್ಯಸಿಸಿ 1955ರಲ್ಲಿ ಪ್ರಕಟಿಸಿದರು. ನವಿಲುತೀರ್ಥದ ಅಣೆಕಟ್ಟು ಏಳುವ ಮುಂಚಿನ ನದಿಯನ್ನು ಕಂಡು ಬರೆದದ್ದೆಂಬುದೇ ಆ ಕೃತಿಗೆ ಈಗ ವಿಶೇಷ ಬೆಲೆ ತಂದಿದೆ.

ಪದರು ಪದರಾಗಿ ಏಳುವ ಚಪ್ಪಡಿ ಬೃಹತ್ ಶಿಲಾಸಂಸ್ಕೃತಿಯವರಿಗೂ ಒದಗಿತು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದರೆ ಕಲ್ಲುಮನೆ. ನಮಗೆ ಸಮೀಪದ ಪ್ರಸಿದ್ಧ ನಿದರ್ಶನ ಗೋಕಾಕ ತಾಲೂಕಿನ ಕೊಣ್ಣೂರು. ಮಲಪ್ರಭೆಯ ಕೆಳದಂಡೆಯಲ್ಲಿ ಐಹೊಳೆಯ ಮೇಗುತಿ ಗುಡ್ಡವಿದೆ. ಜನರು ಇವನ್ನು ಪಾಂಡವರ ಮನೆ, ಮೋರ್ಯರ ಮನೆ ಎನ್ನುತ್ತಾರೆ. ಮನೆಯಲ್ಲ, ಸಮಾಧಿ. ಉತ್ತರ ಕರ್ನಾಟಕದ ಇಂತಹ ಕೋಣೆಗೋರಿಗಳನ್ನು ಊರೂರು ಅಲೆದು ಅಳೆದವರು ಡಾ. ಅ. ಸುಂದರ, ಅವರ ಗ್ರಂಥ 1975ರಲ್ಲಿ ಹೊರಬಂದಿತು. ಕಬ್ಬಿಣದ ಆಯುಧ, ಒಳಗೆ ಕಪ್ಪು ಹೊರಗೆ ಕೆಂಪಾದ ಮಡಕೆ ಈ ಸಂಸ್ಕೃತಿಯ ಗುರುತುಗಳು. ಕಾಲ ಬಹುಪಾಲು ಕ್ರಿಸ್ತಪೂರ್ವ ಮೊದಲ ಸಹಸ್ರಮಾನ.

ಇಲ್ಲಿ ಒಂದು ಮಾತು. ವೀರಶೈವರು ದೇಹವನ್ನು ಭೂಮಿಗೆ ಒಪ್ಪಿಸುವ ಪದ್ಧತಿಗೆ ಈ ಗೋರಿಗಳೇ ಮೂಲವೆಂದು ಕೆಲವರು ಉತ್ಸಾಹದಿಂದ ವಾದಿಸುವುದನ್ನು ಕೇಳಿದ್ದೇನೆ. ನನಗದು ಒಪ್ಪಿಗೆಯಾಗದು. ನಮ್ಮಲ್ಲಿ ಇಡಿಯ ದೇಹವನ್ನು ಕುಳ್ಳಿರಿಸಿ, ಕರದಲ್ಲಿ ಇಷ್ಟಲಿಂಗವಿರಿಸಿ ಸಮಾಧಿ ಮಾಡುತ್ತಾರೆ. ಬೃಹತ್ ಶಿಲಾಗೋರಿಗಳಲ್ಲಿ ಅನೇಕವೇಳೆ ದೊರೆಯುವುದು ಬಳಿಕ ಆಯ್ದು ತಂದಿರಿಸಿದ ಬಿಡಿ ಎಲುಬುಗಳು, ಒಂದೇ ಕೋಣೆಯಲ್ಲಿ ಹಲವರವು. ಶರಣರ ಕಾಲಕ್ಕೂ ಇವಕ್ಕೂ ನಡುವೆ ಸಾವಿರಕ್ಕೂ ಮಿಕ್ಕಿದ ವರ್ಷಗಳಿವೆ. ಶರಣರ ಹಿರಿಮೆಗೆ ಇಂತಹ ಪ್ರಾಚೀನತೆಯ ಊರುಗೋಲು ಬೇಕಿಲ್ಲ.

ಇನ್ನು ಸಂರಕ್ಷಣೆಯ ವಿಚಾರ. 1958ರ ಕೇಂದ್ರ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷೇಧಿತ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಗುಡಿಗೋ ಕೋಟೆಗೋ ಇದು ಹೊಂದೀತು. ಕಲ್ಲುಗೋರಿಗಳ ಸ್ಥಿತಿ ಬೇರೆ. ಗೋರಿ ಗುಡ್ಡದ ಮೇಲಿದ್ದರೆ ಅದನ್ನು ಕಟ್ಟಿದವರ ವಸತಿ ಕೆಳಗಿನ ಹೊಲದಲ್ಲಿ, ಕಲ್ಲೆಬ್ಬಿಸಿದ ಬಂಡೆ ಇನ್ನೊಂದು ಮಗ್ಗುಲಲ್ಲಿ, ನೀರಿನ ನೆಲೆ ಮತ್ತೂ ದೂರದಲ್ಲಿ ಇರಬಹುದು. ಬೂದಿಮಣ್ಣು, ಮಡಕೆಚೂರುಗಳನ್ನು ತೋಟಕ್ಕೆ ಹೇರಿದ ಮೇಲೆ ಬೇಲಿಯೊಳಗೆ ಕಲ್ಲು ಉಳಿದರೂ ಅವರು ಏನು ಉಂಡರು, ಏನು ಬಿತ್ತಿದರು ಎಂಬುದು ತಿಳಿಯುವಂತಿಲ್ಲ. ಯಾವ ಪಟ್ಟಿಗೂ ಸೇರದ ನೆಲೆಗಳಿಗಂತೂ ಈ 100 ಮೀಟರೂ ಇಲ್ಲ. ಅಲ್ಲಿಯ ಚಪ್ಪಡಿಗೂ ಗಣಿಯ ಚಪ್ಪಡಿಗೂ ಗಾಡಿ ಹೇರುವವನ ಕಣ್ಣಿಗೆ ಭೇದವಿಲ್ಲ. ಹಿರೇಬೆಣಕಲ್ಲಿನ ಗೋರಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಸಂತೋಷವೇ. ನಮ್ಮ ನಾಲ್ಕು ತಾಲೂಕುಗಳಲ್ಲಿ ಮೊದಲು ಆಗಬೇಕಾದದ್ದು ಗ್ರಾಮನಕ್ಷೆ ಹಿಡಿದು ಗುಡ್ಡ ಗುಡ್ಡ ನಡೆದು, ಸರ್ವೆ ನಂಬರು ಸಹಿತ ಪ್ರತಿಯೊಂದು ಕಲ್ಲನ್ನು ಬರೆದಿಡುವ ಕೆಲಸ.